ಕಾಲುವೆಗೆ ಹೋಗದ ಕೌದಿ

ಕಾರಟಗಿ ಸೀಮೆಯಲ್ಲಿ ಭತ್ತದ ನಾಟಿ ಶುರುವಾಗಿತ್ತು. ಕಾಲರಾ ಹತ್ತಿ ಆಸ್ಪತ್ರೆ ಸೇರಿದ್ದ ಯಮನೂರಪ್ಪ ಸಲಾಯಿನ್ ಹಚ್ಚಿಸಿಕೊಂಡು ಚೇತರಿಸಿ, ಹಿಂದಿನ ಸಂಜೆಯಷ್ಟೇ ಮನೆಗೆ ಬಂದಿದ್ದ. ನಸುಕಿನಲ್ಲಿ ಮತ್ತೊಮ್ಮೆ ಭೇದಿಯಾಗಿ ಹಾಸಿದ್ದ, ಬಣ್ಣಬಣ್ಣದ ಬಟ್ಟೆ ತುಂಡುಗಳ ಕೌದಿ ಹೊಲಸಾಯಿತು. ಹೆಂಡತಿ ಅನ್ನಮ್ಮ ಅದನ್ನು ಗಂಟು ಕಟ್ಟಿ ಒಗೆಯಲು ಕಾಲುವೆಗೆ ಹೊರಟಳು.

ಪಕ್ಕದ ಮನೆಯ ನಾಹೀದಾ ಗಂಗಾವತಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಬಸ್ಸಿಗೆ ಹೊರಟಿದ್ದವಳು ಗಂಟು ನೋಡಿ ನಿಂತಳು.

"ಅಕ್ಕಾರ, ಅದನ್ನ ಕಾಲುವಿಗೆ ಒಯ್ಯಬ್ಯಾಡ್ರಿ. ಮನ್ಯಾಗ ಕುದಿಯೋ ನೀರಾಗ ಹಾಕ್ರಿ."

"ಕುದಿಸಿದ್ರ ಬಣ್ಣ ಹೋಗ್ತೈತಿ ತಂಗಿ. ನಮ್ಮವ್ವ ಹೊಲದು ಕೊಟ್ಟ ಕೌದಿ ಇದು."

ಒಳಗಿನಿಂದ ಯಮನೂರಪ್ಪ ಕೂಗಿದ: "ನನ್ನ ಮಾರಿ ಬಣ್ಣ ಹೋಗಿದ್ದಕ್ಕ ಇಷ್ಟು ಮರುಗಲಿಲ್ಲ ನೋಡವಾ ನಾಹೀದಾ!"

"ನೀವು ಸುಮ್ನ ಓಆರ್‌ಎಸ್ ಕುಡೀರಿ," ಎಂದು ಗದರಿ ಅನ್ನಮ್ಮ ಇತ್ತ ತಿರುಗಿದಳು. "ಹರಿಯೋ ನೀರಾಗ ಹೊಲಸು ಹರದು ಹೋಗ್ತೈತಿ. ಹುಟ್ಟಿದಾಗಿಂದ ಅದ ನೀರು ಕುಡದೀನಿ, ನನಗೇನಾಗೇತಿ?"

"ನಿಮ್ಮ ನಸೀಬು ಛಲೋ ಇತ್ತು, ಅಷ್ಟ. ಚೀಲದಾಗಿನ ಭತ್ತ ತಾನ ಮೊಳಕಿ ಒಡೀತೈತೇನ್ರಿ?"

"ನೆನಿ ಹಾಕಬೇಕು, ಕಟ್ಟಿಟ್ಟು ಕಾವು ಕೊಡಬೇಕು. ಇಷ್ಟು ಓದಿ ಇದೂ ಗೊತ್ತಿಲ್ಲೇನು?"

ನಾಹೀದಾ ನಕ್ಕಳು. "ಕಾಲರಾ ರೋಗಾಣುನೂ ಹಂಗ. ನೀರಾಗ ಇದ್ದಾಗ, ವಿಷ ಹೆಂಗ ಮಾಡಬೇಕು ಅನ್ನೋ ಅದರ ಜೀನುಗಳು ಸುಮ್ನ ಇರ್ತಾವು. ಹೊಟ್ಟಿಗೆ ಹೋಗಿ ಅಲ್ಲಿಯ ಪಿತ್ತರಸ ತಾಗಿದ ಮ್ಯಾಲೆ ಎಚ್ಚರಾಗ್ತಾವು. ರೋಗಾಣು ಕರುಳಿಗೆ ಅಂಟಿಕೊಂಡು ವಿಷ ಬಿಡ್ತೈತಿ. ಮೈಯಾಗಿನ ನೀರೆಲ್ಲ ಹೊರಗ ಹೋಗ್ತೈತಿ."

"ಆಮ್ಯಾಲೆ?"

"ಗುಂಪು ದೊಡ್ಡದಾತು ಅಂದ್ರ, ತಾವ ಬಿಡೋ ರಾಸಾಯನಿಕದಿಂದ ಒಂದಕ್ಕೊಂದು ಸುದ್ದಿ ಮುಟ್ಟಿಸ್ತಾವು. ವಿಷ ಮಾಡೋದು ಬಂದ್ ಮಾಡಿ, ಕರುಳಿನ ಹಿಡಿತ ಬಿಟ್ಟು ಭೇದಿ ಕೂಡ ಹೊರಗ ಬೀಳ್ತಾವು. ಹಂಗ ಹೊಸದಾಗಿ ಬಿದ್ದವು ಕೆಲವು ತಾಸು ಭಾಳ ಜೋರು ಇರ್ತಾವು. ಸ್ವಲ್ಪ ಹೊಟ್ಟಿಗೆ ಹೋದ್ರೂ ಜಡ್ಡು ತರ್ತಾವು."

ಅನ್ನಮ್ಮ ಗಂಟನ್ನೇ ನೋಡಿದಳು.

"ಅಂದ್ರ ಇದರಾಗ ಇರೂದು ಮೊಳಕಿ ಬಂದ ಬೀಜ. ಕೆಸರಿಗೆ ಬಿದ್ದ ಕೂಡ್ಲೆ ಹತ್ತತೈತಿ."

"ಹೌದ್ರಿ. ನಾ ಕ್ಲಾಸಿನಾಗ ಇಷ್ಟು ಸಲೀಸಾಗಿ ಹೇಳಿಲ್ಲ."

ಅನ್ನಮ್ಮನಿಗೆ ಆ ಮಾತು ಕೇಳಿಸಲಿಲ್ಲ. ಕಣ್ಣು ಕಾಲುವೆ ಹರಿಯುವ ದಿಕ್ಕಿಗೆ ಹೋಗಿತ್ತು. ಕೆಳಗಿನ ಗದ್ದೆಯಲ್ಲಿ ಮಗಳು ಸುರೇಖಾ ನಾಟಿ ಮಾಡುತ್ತಿದ್ದಳು. ಬಿಸಿಲೇರಿದಾಗ ನಾಟಿಯ ಹೆಂಗಸರು ಬೊಗಸೆಯೊಡ್ಡುವುದು ಇದೇ ಕಾಲುವೆಗೆ.

ಅವಳು ಹಿಂದಿರುಗಿ ಒಲೆ ಹೊತ್ತಿಸಿ ಹಂಡೆಯಿಟ್ಟಳು. ನೀರು ಕೊತಕೊತ ಕುದಿಯುವಾಗ ಕೌದಿ ಮುಳುಗಿಸಿ ಕೋಲಿನಿಂದ ತಿರುವಿದಳು. ಆ ನೀರನ್ನು ಶೌಚಾಲಯಕ್ಕೇ ಸುರಿದು, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡಳು.

ಸಂಜೆ ಸುರೇಖಾ ಬಂದಾಗ ಕೌದಿ ಬೇಲಿಯ ಮೇಲೆ ಒಣಗುತ್ತಿತ್ತು. ಕೆಂಪು ತುಂಡಿನ ಬಣ್ಣ ಬಿಳಿ ತುಂಡಿಗೆಲ್ಲ ಇಳಿದಿತ್ತು.

"ಯವ್ವಾ, ಅಜ್ಜಿ ಕೌದಿ ಏನು ಮಾಡಿದಿ?"

"ಹೋಳಿ ಆಡಿಸೀನಿ. ಮೊದ್ಲು ಕೈ ತೊಳಿ. ನಾಳಿಯಿಂದ ಕಾಯಿಸಿ ಆರಿಸಿದ ನೀರು ಒಯ್ಯಬೇಕು, ನಿನ್ನ ಗುಂಪಿಗೆಲ್ಲ ಸಾಲೋವಷ್ಟು."

ಯಮನೂರಪ್ಪ ಕಟ್ಟೆಗೆ ಒರಗಿ ಗಂಜಿ ಕುಡಿಯುತ್ತಿದ್ದ. "ಕೌದಿ ನನಗಿಂತ ಛಂದ ಕಾಣ್ತೈತಿ ಬಿಡು," ಎಂದ. ಅನ್ನಮ್ಮ ನಕ್ಕಳು, ಎಷ್ಟೋ ದಿನಗಳ ಮೇಲೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ನೀರಿನಂಥ ಭೇದಿಯಾದರೆ ಕೂಡಲೇ ಓಆರ್‌ಎಸ್ ಕೊಡುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ. ಅವರ ಬಟ್ಟೆ ಹಾಸಿಗೆಯನ್ನು ಹಳ್ಳ, ಕಾಲುವೆ, ಬೋರಿನ ಹತ್ತಿರ ಒಗೆಯಬೇಡಿ. ಕುದಿಯುವ ನೀರಿನಲ್ಲಿ ಹಾಕಿ ಬಿಸಿಲಿಗೆ ಒಣಗಿಸಿ. ಕಾಯಿಸಿದ ನೀರನ್ನೇ ಕುಡಿಯಿರಿ. ನಿಮ್ಮೂರಿನ ಕಾಲುವೆ ಮುಂದೆ ಹರಿಯುವಲ್ಲೂ ಯಾರದೋ ಮಗಳು ಬೊಗಸೆಯೊಡ್ಡಿ ನಿಂತಿರುತ್ತಾಳೆ.