ಕನ್ನಡಕ ಮರೆತು ಬಂದವರು

"ಎರಡು ವರ್ಷದ ಹಿಂದೇನೇ ಅಳತೆ ಕೊಟ್ಟಿದ್ನಲ್ಲ ಟೈಲರಣ್ಣ, ನಿಮ್ಮ ಪುಸ್ತಕದಲ್ಲೇ ಇರುತ್ತೆ ನೋಡಿ," ಎಂದ ಗಿರಾಕಿ.

ಟೈಲರಣ್ಣ ಅಳತೆ ಪುಸ್ತಕ ತೆಗೆದು ಎರಡು ಹಾಳೆ ಮಗುಚಿದ. ಆಮೇಲೆ ಅಂಗಿಯ ಜೇಬು ತಡವಿಕೊಂಡ.

"ಥತ್, ಕನ್ನಡಕ ಮನೇಲೇ ಮರ್ತ್ ಬಂದೆ. ಕೈ ಎತ್ತಿ, ಇನ್ನೊಂದ್ಸಲ ತಗೊಂಡ್ಬಿಡೋಣ."

"ಹೋದ ಸಲಾನೂ ಇದನ್ನೇ ಹೇಳಿದ್ರಿ. ಇರ್ಲಿ, ಆಮೇಲೆ ಬರ್ತೀನಿ."

ಆಮೇಲೆ ಬರುತ್ತೇನೆ ಎಂದು ಹೋದವರು ಬರುವುದಿಲ್ಲ. ಇದು ಈ ಒಂದೂವರೆ ವರ್ಷದಲ್ಲಿ ಟೈಲರಣ್ಣನಿಗೆ ಚೆನ್ನಾಗಿ ಗೊತ್ತಾಗಿತ್ತು. ಹೀಗೇ ಆದರೆ ಅಂಗಡಿ ಮುಚ್ಚುವ ದಿನ ದೂರವಿಲ್ಲ ಎಂಬುದೂ ಗೊತ್ತಿತ್ತು.

ನಿಜ ಹೇಳಬೇಕೆಂದರೆ ಅವನಿಗೆ ಕನ್ನಡಕವೇ ಇರಲಿಲ್ಲ. ಸೂಜಿಗೆ ದಾರ ಪೋಣಿಸುವುದರಲ್ಲಿ ಈಗಲೂ ಯಾರನ್ನಾದರೂ ಸೋಲಿಸುವ ಕಣ್ಣು ಅವನದು. ಇಲ್ಲದಿದ್ದದ್ದು ಅಕ್ಷರ. ಟೇಪಿನ ಅಂಕಿ ಬಿಟ್ಟರೆ ಬೇರೇನೂ ಓದಲು ಬಾರದು. ಇಪ್ಪತ್ತಾರು ವರ್ಷ ಅವನು ಅಳತೆ ಕೂಗುತ್ತಿದ್ದ, ಹೆಂಡತಿ ಸ್ಟೂಲಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದಳು. ಒಂದೂವರೆ ವರ್ಷದ ಹಿಂದೆ ಅವಳು ತೀರಿಕೊಂಡ ಮೇಲೆ ಪುಸ್ತಕದ ತುಂಬ ಅಂಕಿಗಳೇನೋ ಉಳಿದವು. ಯಾವ ಅಂಕಿ ಯಾರದು ಎಂಬುದು ಅವಳ ಜೊತೆಗೇ ಹೋಯಿತು.

ಗುಟ್ಟು ಬಯಲಾದೀತೆಂಬ ಭಯಕ್ಕೆ ಅವನು ನಾಲ್ಕು ಜನರ ಜೊತೆ ಕೂರುವುದನ್ನೇ ಬಿಟ್ಟ. ಯಾರಾದರೂ ಪೇಪರು ಮುಂದೆ ಹಿಡಿದು "ಇದೇನು ನೋಡು" ಎಂದರೆ? ಮಧ್ಯಾಹ್ನ ಷಟರು ಅರ್ಧ ಇಳಿಸಿ ಒಬ್ಬನೇ ಬುತ್ತಿ ಉಣ್ಣುತ್ತಿದ್ದ. ಎದುರಿಗೆ ಅವಳ ಸ್ಟೂಲು ಖಾಲಿ. ಅದರ ಮೇಲೆ ಬಟ್ಟೆ ಇಡಲೂ ಅವನಿಗೆ ಮನಸ್ಸು ಬರುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಷಟರಿನ ಕೆಳಗೆ ಬಗ್ಗಿಕೊಂಡು ಲೈಬ್ರರಿಯಮ್ಮ ಬಂದಳು. ಬೀದಿಯ ಕೊನೆಯ ಲೈಬ್ರರಿಯಲ್ಲಿ ಅವಳಿಗೆ ಕೆಲಸ. ಹರಿದ ಕೋಟು ಕೊಡಲು ಬಂದವಳು ಮೇಜಿನ ಮೇಲಿದ್ದ ಕಾಗದ ಎತ್ತಿಕೊಂಡಳು. ಅದನ್ನು ಕಾಲರಿನ ಆಕಾರಕ್ಕೆ ಕತ್ತರಿಸಲಾಗಿತ್ತು.

"ಅಯ್ಯೋ ಟೈಲರಣ್ಣ, ಇದನ್ನ ಕತ್ತರಿಸಿಬಿಟ್ರಾ?"

"ಗಟ್ಟಿ ಕಾಗದ ಕಣಮ್ಮ. ಯಾರೋ ಷಟರ್ ಕೆಳಗೆ ತೂರಿಸಿ ಹೋಗಿದ್ರು. ಕಾಲರಿಗೆ ಹೇಳಿ ಮಾಡಿಸಿದ ಹಾಗಿತ್ತು."

"ತೂರಿಸಿದ್ದು ನಾನೇ! ಗುರುವಾರ ಲೈಬ್ರರೀಲಿ ಸಭೆ ಇದೆ. ದೊಡ್ಡವರಿಗೆ ಓದು ಬರಹ, ಕೆಲಸದ ತರಬೇತಿ, ಇದಕ್ಕೆಲ್ಲ ಸರ್ಕಾರದವರು ಹೊಸ ನೀತಿ ಮಾಡ್ತಿದಾರೆ. ಹೇಗಿರಬೇಕು ಅಂತ ಕಲಿಯೋರನ್ನೇ ಕೇಳ್ತಾರಂತೆ."

"ನನ್ನ ಕೇಳಿ ಏನ್ ಉದ್ಧಾರ ಆಗ್ಬೇಕು? ಹಿಂದೆ ಸಂಜೆ ಶಾಲೆ ಅಂತ ಶುರು ಮಾಡಿದ್ರು. ಮೂರೇ ತಿಂಗಳಿಗೆ ಬೀಗ ಬಿತ್ತು."

"ಯಾಕೆ ಬಿತ್ತು?"

"ಸಂಜೆ ಆರಕ್ಕೆ ಯಾರು ಬರ್ತಾರೆ? ಜನ ಬಟ್ಟೆ ತಗೊಂಡು ಹೋಗೋ ಹೊತ್ತೇ ಅದು. ಹೋಟೆಲಿನವರಿಗೂ ಆಗ್ಲೇ ಕೆಲಸ ಜಾಸ್ತಿ. ಸಾಲದ್ದಕ್ಕೆ ಚಿಕ್ಕ ಮಕ್ಕಳ ಬೆಂಚು. ಕೂತ್ರೆ ಮಂಡಿ ಗದ್ದಕ್ಕೆ ಬಡೀತಿತ್ತು."

ಹೇಳಿ ನಾಲಿಗೆ ಕಚ್ಚಿಕೊಂಡ. ಅದು ನಿಮಗೆ ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ಒಳ್ಳೆಯ ಹೆಂಗಸು.

"ಅಳತೆ ತೆಗೀದೆ ನೀವು ಅಂಗಿ ಹೊಲೀತೀರಾ ಟೈಲರಣ್ಣ?"

"ಹೊಲಿದ್ರೆ ಹಾಕ್ಕೊಳ್ಳೋರು ಯಾರು?"

"ಆ ಸಂಜೆ ಶಾಲೇನ ಅವರು ಹಾಗೇ ಹೊಲಿದಿದ್ರು. ಈ ಸಲ ಅಳತೆ ಕೇಳೋಕೆ ಬರ್ತಿದಾರೆ. ನೀವೇ ಹೋಗ್ದಿದ್ರೆ ಮತ್ತೆ ಅಂದಾಜಿನ ಮೇಲೆ ಕತ್ತರಿ ಹಾಕ್ತಾರೆ ಅಷ್ಟೆ."

ಗುರುವಾರ ಅವನು ಹೋದ. ಎದ್ದು ಓಡಲು ಅನುಕೂಲವಾಗಲಿ ಎಂದು ಬಾಗಿಲ ಬಳಿಯ ಕುರ್ಚಿ ಹಿಡಿದ. ಅಧಿಕಾರಿ ಹತ್ತು ನಿಮಿಷ ಚೆನ್ನಾಗಿಯೇ ಮಾತಾಡಿದರು. ಮಾತು ಮುಗಿಸಿ ಎಲ್ಲರ ಕೈಗೂ ನಾಲ್ಕು ಪುಟದ ಪ್ರಶ್ನೆಪಟ್ಟಿ ಕೊಟ್ಟು, "ಓದಿ, ನಿಮ್ಮ ಅಭಿಪ್ರಾಯ ಬರೆದು ಕೊಡಿ" ಎಂದರು. ಓದು ಬಾರದವರನ್ನು ಬರೆದು ಕೊಡಿ ಎಂದು ಕೇಳುವ ಬುದ್ಧಿವಂತಿಕೆಗೆ ಏನೆನ್ನಬೇಕೋ!

ಟೈಲರಣ್ಣ ಹಾಳೆ ತಿರುಗಿಸಿ ನೋಡಿದ. ಜೇಬು ತಡವಿಕೊಂಡ. "ಕನ್ನಡಕ ಮರ್ತ್ ಬಂದೆ ಸಾರ್."

"ನಂದೂ ಮನೇಲೇ ಇದೆ," ಎಂದ ಪಕ್ಕದಲ್ಲಿದ್ದ ವೆಲ್ಡರ್.

"ನಾನೂ ತಂದಿಲ್ಲ," ಎಂದಳು ಹಿಂದಿನ ಸಾಲಿನಿಂದ ಹೋಟೆಲಿನ ಅಡುಗೆಯಾಕೆ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು.

ಟೈಲರಣ್ಣ ತಿರುಗಿ ನೋಡಿದ. ಒಂದಷ್ಟು ಕೈಗಳು ಜೇಬು, ಚೀಲ ತಡವುತ್ತಿದ್ದವು. ತನ್ನೊಬ್ಬನದೇ ಎಂದು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಸುಳ್ಳು ಕೋಣೆಯ ತುಂಬ ಕೂತಿತ್ತು. ಅವನಿಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಎದ್ದು ನಿಂತ.

"ಸುಳ್ಳು ಹೇಳ್ದೆ ಸಾರ್. ನನ್ನ ಹತ್ರ ಕನ್ನಡಕ ಇಲ್ಲ. ಓದಕ್ಕೆ ಬರಲ್ಲ. ನೀವು ಓದಿ, ನಾವು ಬಾಯಲ್ಲಿ ಹೇಳ್ತೀವಿ, ನೀವೇ ಬರ್ಕೊಳ್ಳಿ."

ಅಧಿಕಾರಿಯ ಮುಖ ಸಣ್ಣಗಾಯಿತು. ಆದರೂ ಕುರ್ಚಿ ಎಳೆದುಕೊಂಡು ಎಲ್ಲರ ನಡುವೆ ಕೂತು ಪೆನ್ನು ತೆಗೆದರು. ಜೇಬು ತಡವುತ್ತಿದ್ದವರೆಲ್ಲ ಬಾಯಿ ಬಿಟ್ಟರು. ತರಗತಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇರಲಿ. ದೊಡ್ಡವರ ಕುರ್ಚಿ ಇರಲಿ. ಯಂತ್ರದ ಮೇಲಿನ ಎಚ್ಚರಿಕೆ ಓದಲು ಕಲಿಸಿ, ಹೊಸ ಯಂತ್ರದ ತರಬೇತಿಯನ್ನೂ ಕೊಡಿ ಎಂದ ವೆಲ್ಡರ್. "ನಂಗೆ ನನ್ನ ಅಳತೆ ಪುಸ್ತಕ ಓದೋದು ಕಲಿಸಿ," ಎಂದ ಟೈಲರಣ್ಣ.

ಕೇಳಿದ್ದೆಲ್ಲ ಸಿಗಲಿಲ್ಲ. ವೆಲ್ಡರ್ ಕೇಳಿದ ಹೊಸ ಯಂತ್ರದ ತರಬೇತಿಗೆ ಇನ್ನೂ ಕಾಯುತ್ತಿದ್ದಾರೆ. ಆದರೆ ಎರಡು ಗಂಟೆಯ ತರಗತಿ ಶುರುವಾಯಿತು, ಬೀಗ ಬೀಳಲಿಲ್ಲ.

ಐದು ತಿಂಗಳ ಮೇಲೆ ಒಂದು ದಿನ ಟೈಲರಣ್ಣ ಷಟರು ಪೂರ್ತಿ ಎತ್ತಿ, ಅಳತೆ ಪುಸ್ತಕ ಬಿಚ್ಚಿ, ಬೆರಳಿಟ್ಟು ಓದುತ್ತಿದ್ದ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಸಿಗತೊಡಗಿದ್ದರು. ಕೊನೆಯ ಹಾಳೆಯಲ್ಲಿ ಒಂದು ಅಳತೆ. ಎದೆ ಮೂವತ್ತೆಂಟು, ಎಡ ಭುಜ ಅರ್ಧ ಇಂಚು ಇಳುಕಲು. ಮೇಲೆ ಬರೆದದ್ದನ್ನು ಕೂಡಿಸಿ ಓದಿದ. ನ... ಮ್ಮ... ವ... ರು.

ಯಾವ ಗಿರಾಕಿಯಪ್ಪಾ ಇದು? ಎಡ ಭುಜ ಇಳುಕಲು ಯಾರಿಗಿದೆ? ಯೋಚಿಸುತ್ತಿದ್ದಂತೆ ಕೈ ತಾನಾಗಿ ತನ್ನ ಎಡ ಭುಜಕ್ಕೆ ಹೋಯಿತು. ಅವನು ಯಾವತ್ತೂ ತನಗೆ ಅಳತೆ ತೆಗೆಸಿಕೊಂಡವನಲ್ಲ. ಅವಳು ಯಾವಾಗ ತೆಗೆದಳೋ. ಕೆಳಗೆ ಇನ್ನೊಂದು ಸಾಲಿತ್ತು, ಅದನ್ನು ಓದಲು ತುಂಬ ಹೊತ್ತು ಹಿಡಿಯಿತು. "ಹೊಸ ಅಂಗಿ ಹೊಲಿದುಕೊಳ್ಳಲು ಹೇಳಬೇಕು."

"ಹೊಲ್ಕೋತೀನಿ ಕಣೇ," ಎಂದ ಟೈಲರಣ್ಣ, ಖಾಲಿ ಸ್ಟೂಲಿನ ಕಡೆ ನೋಡಿ.

ಇದನ್ನು ಓದುತ್ತಿರುವವರೇ, ನಿಮಗೆ ಓದು ಬರುತ್ತದೆ. ಹಾಗಾಗಿ ಈ ಕಥೆಯ ಕಾಗದ ನಿಮ್ಮೊಬ್ಬರಿಗಲ್ಲ. ಯಾವಾಗಲೂ ಕನ್ನಡಕ ಮರೆತು ಬರುವವರೊಬ್ಬರು ನಿಮ್ಮ ಬೀದಿಯಲ್ಲೂ ಇದ್ದಾರೆ. ಇದನ್ನು ಅವರ ಷಟರಿನ ಕೆಳಗೆ ತೂರಿಸಿ ಹೋಗಬೇಡಿ. ಒಳಗೆ ಹೋಗಿ, ಪಕ್ಕದಲ್ಲಿ ಕೂತು ಓದಿ ಹೇಳಿ. ದೊಡ್ಡವರ ಕಲಿಕೆಯ ಬಗ್ಗೆ ಸಭೆ ಕರೆದ ದಿನ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರ ಅಳತೆಯನ್ನು ಅವರೇ ಹೇಳಲಿ.