ಅಜ್ಜಿ ಹೇಳಿದ ಸಾಕ್ಷಿ

"ಇನ್ನೊಂದ್ಸಲ ಹೇಳಿ ದೊಡ್ಡಮ್ಮ," ಎಂದರು ವಕೀಲರು.

ಊಟದ ಮೇಜಿನ ಆಚೆ ತುದಿಯಲ್ಲಿ ಹಿರಿಮಗ ಕೈಕಟ್ಟಿ ಕೂತಿದ್ದ. ಅಜ್ಜಿ ಬಾಯಿಪಾಠ ಒಪ್ಪಿಸಿದಳು: "ನನ್ನ ಮೊಮ್ಮಗಳು ನಡುರಸ್ತೇಲಿ ಒಬ್ಳೇ ನಿಂತಿದ್ಲು. ಅವಳಮ್ಮ ಎಲ್ಲೂ ಕಾಣಲಿಲ್ಲ."

"ಅಷ್ಟೇ ಸಾಕು. ಅದರ ಮೇಲೆ ಒಂದು ಮಾತೂ ಬೇಡ."

ಆ ಎರಡು ಮಾತಿನಲ್ಲಿ ಒಂದೂ ಸುಳ್ಳಲ್ಲ. ಅಜ್ಜಿಯನ್ನು ಮುಳ್ಳಿನಂತೆ ಚುಚ್ಚುತ್ತಿದ್ದುದು ಅದೇ.

ಟೈಲ್ಸ್ ಕಾರ್ಖಾನೆ ಅಜ್ಜಿಯ ಗಂಡ ಕಟ್ಟಿದ್ದು. ಅವರ ನಂತರ ಇಬ್ಬರು ಮಕ್ಕಳಿಗೂ ಸಮಪಾಲು ಬಂತು. ಕಿರಿಯವನು ಕಾಯಿಲೆ ಬಿದ್ದಾಗ ತನ್ನ ಪಾಲನ್ನು ಒಬ್ಬಳೇ ಮಗಳ ಹೆಸರಿಗೆ ಬರೆದು ಕಣ್ಣು ಮುಚ್ಚಿದ. ಮಗಳಿಗಿನ್ನೂ ಎಂಟು ವರ್ಷ. ಕೂತಲ್ಲಿ ಕೂರದ ಹುಡುಗಿಯಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಬುಗುರಿ. ಬುಗುರಿ ಯಾರ ಸುಪರ್ದಿಯಲ್ಲಿರುತ್ತಾಳೋ ಅರ್ಧ ಕಾರ್ಖಾನೆ ಅವರ ಕೈಯಲ್ಲಿರುತ್ತದೆ ಎಂಬುದು ಹಿರಿಮಗನಿಗೆ ತಮ್ಮನ ತಿಥಿ ಮುಗಿಯುವ ಮೊದಲೇ ಹೊಳೆದಿತ್ತು.

ಮಗುವನ್ನು ಬಿಟ್ಟುಕೊಡೆಂದು ಅವನು ಒತ್ತಿದರೂ ಕಿರಿಸೊಸೆ ಜಗ್ಗಲಿಲ್ಲ. ಮಗಳ ಕೈಹಿಡಿದು ಮನೆಯಿಂದ ಹೊರಬಿದ್ದವಳು, ಮದುವೆಗೆ ಮುಂಚೆ ಕಲಿತಿದ್ದ ಕೆಲಸವನ್ನೇ ನಂಬಿ ಬ್ಯೂಟಿ ಪಾರ್ಲರ್ ಇಟ್ಟಳು. ಅಂಗಡಿಯ ಮೇಲೆಯೇ ಎರಡು ಕೋಣೆಯ ವಾಸ. ಹಿರಿಮಗ ಕೇಸು ಹಾಕಿದ. "ಕಂಡೋರ ತಲೆಗೂದಲು ಕತ್ತರಿಸೋಳು ನಮ್ಮನೆ ಕೂಸನ್ನ ಏನು ಸಾಕ್ತಾಳೆ?" ಎಂದು ನೆಂಟರಿಷ್ಟರಲ್ಲೆಲ್ಲ ಹೇಳಿಕೊಂಡು ಬಂದ. ಅಮ್ಮನ ಮುಂದೆ ಮಾತ್ರ ದನಿ ಮೆತ್ತಗಾಗುತ್ತಿತ್ತು: "ಮಗು ನಿನ್ನ ಪಕ್ಕದಲ್ಲೇ ಮಲಗುತ್ತಮ್ಮ. ನಿಂಗೂ ಅದೇ ಬೇಕಲ್ವಾ?"

ಬೇಕಿತ್ತು. ಆ ಆಸೆಗೆ ಬಿದ್ದೇ ಅವಳು ಅವತ್ತು ಕಾರು ಹತ್ತಿದ್ದು.

ಸೊಸೆಗೆ ಒಂದು ಮಾತೂ ತಿಳಿಸದೆ, ಶಾಲೆ ಬಿಡುವ ಹೊತ್ತಿಗೆ ಗೇಟಿನೆದುರು ಕಾರು ನಿಲ್ಲಿಸಿದ್ದರು. ಅಜ್ಜಿಯನ್ನು ಕಂಡು ಬುಗುರಿ ನಗುನಗುತ್ತಲೇ ಹತ್ತಿದಳು. ಕಾರು ಅಮ್ಮನ ಅಂಗಡಿಯ ಬೀದಿಗೆ ತಿರುಗದೆ ನೆಟ್ಟಗೆ ಹೋದಾಗ ನಗು ನಿಂತಿತು. "ಅಮ್ಮಂಗೆ ಹೇಳಿದ್ದೀರಾ?" ಎಂದಳು. ಹಿರಿಮಗ ಡ್ರೈವರಿಗೆ ಬೇಗ ನಡಿ ಎಂದ. ಸಿಗ್ನಲ್ಲಿನಲ್ಲಿ ಕಾರು ನಿಂತದ್ದೇ ತಡ, ಬಾಗಿಲು ತೆಗೆದು ಇಳಿದೇಬಿಟ್ಟಳು. ಅವಳ ಲಂಗದ ತುದಿ ಅಜ್ಜಿಯ ಕೈಗೆ ಸಿಕ್ಕಿತ್ತು. ಮಗು ತಿರುಗಿ ನೋಡಿದ ರೀತಿಗೆ ಬೆರಳು ತಾನಾಗಿ ಸಡಿಲವಾಯಿತು. ಸುತ್ತ ವಾಹನಗಳು, ನಡುವೆ ಬ್ಯಾಗು ಅವುಚಿಕೊಂಡ ಹುಡುಗಿ. ಮುಂದಿನ ಸೀಟಿನಲ್ಲಿದ್ದ ಹಿರಿಮಗ ಇಳಿದು ಹಿಡಿಯಲಿಲ್ಲ. ಮೊಬೈಲು ತೆಗೆದು ಫೋಟೋ ಹೊಡೆದ. ಬುಗುರಿ ರಸ್ತೆ ದಾಟಿ ಅಮ್ಮನ ಅಂಗಡಿಯತ್ತ ಓಡಿದಳು.

ಕೋರ್ಟಿನಲ್ಲಿ ಆ ಫೋಟೋವೇ ದೊಡ್ಡ ಸಾಕ್ಷಿ.

ವಿಚಾರಣೆಯ ದಿನ ಕೋರ್ಟಿನ ಮೊಗಸಾಲೆಯಲ್ಲಿ ಬುಗುರಿ ಅಮ್ಮನ ಕೈ ಬಿಡಿಸಿಕೊಂಡು ಅಜ್ಜಿಯ ಬಳಿ ಬಂದಳು. "ಅಜ್ಜಿ, ಕಾರಿನ ವಿಷ್ಯ ನಾನು ಹೇಳಿದ್ರೆ ಅಮ್ಮ ಹೇಳಿಕೊಟ್ಟಿದ್ದು ಅಂತಾರೆ. ನೀನೂ ಇದ್ಯಲ್ಲಾ, ನೀನು ಹೇಳು." ಅಷ್ಟು ಹೇಳಿ, ಕೆಲಸ ವಹಿಸಿಕೊಟ್ಟವಳಂತೆ ಹೊರಟುಹೋದಳು.

ಅಜ್ಜಿಯನ್ನು ಕರೆದರು. ಹಿರಿಮಗನ ವಕೀಲರು ಫೋಟೋ ತೋರಿಸಿ ಕೇಳಿದರು. ಅಜ್ಜಿ ಒಪ್ಪಿಸಿದಳು: "ನನ್ನ ಮೊಮ್ಮಗಳು ನಡುರಸ್ತೇಲಿ ಒಬ್ಳೇ ನಿಂತಿದ್ಲು. ಅವಳಮ್ಮ ಎಲ್ಲೂ ಕಾಣಲಿಲ್ಲ."

"ಇಷ್ಟೇ, ಸ್ವಾಮಿ," ಎಂದು ವಕೀಲರು ತಿರುಗಿದರು.

"ಇಷ್ಟೇ ಅಲ್ಲ," ಎಂದಳು ಅಜ್ಜಿ. "ಅವಳಮ್ಮ ಹೇಗೆ ಕಾಣ್ತಾಳೆ? ಅವಳಿಗೆ ಗೊತ್ತಿಲ್ಲದ ಹಾಗೆ ಮಗೂನ ಎತ್ತಾಕ್ಕೊಂಡು ಹೊರಟಿದ್ದೋರು ನಾವು. ಈ ಫೋಟೋ ತೆಗೆದೋನು ನನ್ನ ಮಗ. ಹಿಂದಿನ ಸೀಟಲ್ಲಿ ನಾನಿದ್ದೆ."

"ಅಮ್ಮಾ!" ಹಿರಿಮಗ ಎದ್ದು ನಿಂತ. "ಸ್ವಾಮಿ, ಅವರಿಗೆ ವಯಸ್ಸಾಗಿದೆ, ಏನೋ ಬಡಬಡಿಸ್ತಿದ್ದಾರೆ."

"ವಯಸ್ಸಾಗಿದೆ, ಅರಳುಮರಳಲ್ಲ. ಬೆಳಿಗ್ಗೆ ಇವರ ಸಾಕ್ಷಿ ಅಂತ ಕರ್ಕೊಂಡು ಬಂದಾಗ ನನ್ನ ತಲೆ ನೆಟ್ಟಗಿತ್ತು, ಮಧ್ಯಾಹ್ನಕ್ಕೆ ಕೆಟ್ಟೋಯ್ತಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ಹಿರಿಮಗನಿಗೆ ಕೂರಲು ಹೇಳಿ, "ಮಗು ಯಾರ ಹತ್ರ ಇರಬೇಕು ಅಂತೀರಿ?" ಎಂದು ಅಜ್ಜಿಯನ್ನೇ ಕೇಳಿದರು.

ಅಜ್ಜಿ ಹೇಳಿದಳು: "ನನ್ನ ಹತ್ರ ಇರಲಿ ಅಂತ ಜೀವ ಬಡ್ಕೊಳ್ಳುತ್ತೆ. ಆದ್ರೆ ಅವಳಿರಬೇಕಾದ್ದು ಅವಳಮ್ಮನ ಹತ್ರ. ಕಾರ್ಖಾನೆ ಬೇಕಾದೋರು ಕಾರ್ಖಾನೆ ಕೇಳಲಿ. ಕೂಸನ್ನ ಯಾಕೆ ಕೇಳಬೇಕು?"

ತೀರ್ಪು ಹಾಗೆಯೇ ಬಂತು. ಮಗು ತಾಯಿಯ ಬಳಿ. ಅವಳು ದೊಡ್ಡವಳಾಗುವವರೆಗೆ ಅವಳ ಪಾಲು ನೋಡಿಕೊಳ್ಳಲು ಕೋರ್ಟೇ ಒಬ್ಬರನ್ನು ನೇಮಿಸುತ್ತದೆ.

ಅಜ್ಜಿ ಸಾಕ್ಷಿ ಹೇಳಿದ ದಿನವೇ ಕೋರ್ಟಿನ ಮೆಟ್ಟಿಲ ಬಳಿ ಹಿರಿಮಗನ ಮುಖ ಕೆಂಡವಾಗಿತ್ತು. "ಹೆತ್ತ ಮಗನ್ನೇ ಬೀದೀಲಿ ನಿಲ್ಲಿಸಿಬಿಟ್ಟೆ. ಇನ್ಮೇಲೆ ನನ್ನ ಮನೆ ಹೊಸಿಲು ತುಳೀಬೇಡ."

"ಯಾರ ಮನೆ?" ಅಜ್ಜಿ ಸೆರಗು ಸರಿಮಾಡಿಕೊಂಡಳು. "ನಿಮ್ಮಪ್ಪ ಅದನ್ನ ನನ್ನ ಹೆಸರಿಗೆ ಮಾಡಿದ್ದು ಮರೆತೆಯಾ? ನಾನು ಬಾಡಿಗೆ ಕಾರಲ್ಲಿ ಬರ್ತೀನಿ. ನೀನು ಇರೋದಾದ್ರೆ ಬಾಯಿ ಮುಚ್ಕೊಂಡು ಇರು. ಹೋಗೋದಾದ್ರೆ ಬೀಗದ ಕೈ ಮೇಜಿನ ಮೇಲಿಟ್ಟು ಹೋಗು."

ಅವನು ಹೋಗಲಿಲ್ಲ. ಅಮ್ಮನ ಜೊತೆ ಮಾತು ಬಿಟ್ಟ. ಅವಳೇನೂ ಸೊರಗಲಿಲ್ಲ.

ತೀರ್ಪಿನ ನಂತರದ ಭಾನುವಾರ ಗೇಟಿನ ಬಳಿ ಗಂಟೆ ಸದ್ದಾಯಿತು. ಬುಗುರಿ ನುಗ್ಗಿ ಬಂದು ಅಜ್ಜಿಯ ಸೊಂಟಕ್ಕೆ ಜೋತುಬಿದ್ದಳು. ಸೊಸೆ ಗೇಟಿನಾಚೆಯೇ ನಿಂತಿದ್ದಳು.

"ಬಾಮ್ಮ ಒಳಗೆ."

"ಇಲ್ಲ ಅತ್ತೆ. ಆ ಕಾರಲ್ಲಿ ನೀವಿದ್ರಿ ಅನ್ನೋದು ನನಗಿನ್ನೂ ಜೀರ್ಣವಾಗಿಲ್ಲ. ಒಳಗೆ ಬರೋಕೆ ಮನಸ್ಸಾಗ್ತಿಲ್ಲ."

ಅಜ್ಜಿ ಬುಗುರಿಯ ಕೈಹಿಡಿದು ತಾನೇ ಗೇಟು ದಾಟಿದಳು. ಮಹಡಿಯ ಕಿಟಕಿಯಲ್ಲಿ ಹಿರಿಮಗ ನಿಂತು ನೋಡುತ್ತಿದ್ದ. ಅವನಿಗೆ ಕೇಳುವಂತೆಯೇ ದನಿಯೆತ್ತಿ ಅಡುಗೆಯವನನ್ನು ಕೂಗಿದಳು: "ಹಜಾರದ ಒಳ್ಳೇ ಕುರ್ಚಿ ಮೂರನ್ನ ಗೇಟಿನಾಚೆ ತಂದು ಹಾಕಪ್ಪ. ಇವತ್ತು ನಮ್ಮ ಕಾಫಿ ಬೀದೀಲೇ!"