ವಾಸನೆಯಿಲ್ಲದ ಕೋಟು

ಮೂಗಿಗೆ ಡ್ರೈಕ್ಲೀನಿಂಗ್ ದ್ರಾವಣದ ಘಾಟು ಬಡಿದರೇ ಬಟ್ಟೆ ಶುದ್ಧವೆಂಬ ಗಿರಾಕಿಗಳ ಮೌಢ್ಯಕ್ಕೆ ಲಾಂಡ್ರಿಯ ಅಕ್ಕ ಇಪ್ಪತ್ತು ವರ್ಷ ತಲೆಬಾಗಿದ್ದಳು. ಅದಕ್ಕೆ ತೆತ್ತ ಬೆಲೆ, ಒಳಗೆ ಇಸ್ತ್ರಿ ಮಾಡುವ ತಂಗಿಯ ಬಿಡದ ಕೆಮ್ಮು. ಕೊನೆಗೂ ಆ ವಿಷದ್ರಾವಣದ ಡಬ್ಬಗಳನ್ನು ಮಾರಿದವನಿಗೇ ಹಿಂತಿರುಗಿಸಿ, ನೀರು ಮತ್ತು ಸೌಮ್ಯ ಸಾಬೂನಿನಲ್ಲಿ ಒಗೆಯುವ ಯಂತ್ರ ತಂದಳು.

ತಿಂಗಳೊಳಗೆ ಅರ್ಧ ಗಿರಾಕಿಗಳು ಕಾಲ್ಕಿತ್ತರು. ಇಂದು, ಉಳಿದವರಲ್ಲಿ ದೊಡ್ಡ ಗಿರಾಕಿಯಾದ ವಕೀಲರು ಕೋಟನ್ನು ಮೂಸಿ ಹುಬ್ಬು ಗಂಟಿಕ್ಕಿದರು.

“ವಾಸನೇನೇ ಇಲ್ವಲ್ಲಮ್ಮ! ಒಗೆದಿದ್ದೀಯೋ, ಬರೀ ಮಡಚಿಟ್ಟಿದ್ದೀಯೋ?”

“ಕಾಲರ್ ನೋಡಿ ವಕೀಲ್ರೇ. ಸಾಕ್ಷಿ ಹೇಳ್ಬೇಕಾದ್ದು ಕಣ್ಣು, ಮೂಗಲ್ಲ.”

ಕಾಲರಿನ ಎಣ್ಣೆಕಲೆ ಮಾಯವಾಗಿತ್ತು. ವಕೀಲರು ಒಳಕೋಣೆಯಿಂದ ಬರುತ್ತಿದ್ದ ಹಾಡಿಗೆ ಕಿವಿಗೊಟ್ಟರು.

“ಆ ಕೆಮ್ಮೋ ತಂಗಿ ಬಂದಿಲ್ವಾ?”

“ಬಂದಿದ್ದಾಳೆ. ಹಾಡ್ತಿರೋದು ಅವಳೇ.”

ಬೇರೆಡೆ ಕೊಡಲೆಂದು ಚೀಲದಲ್ಲಿಟ್ಟುಕೊಂಡಿದ್ದ ಇನ್ನೆರಡು ಕೋಟುಗಳನ್ನು ವಕೀಲರು ಮೆಲ್ಲಗೆ ಮೇಜಿನ ಮೇಲಿಟ್ಟರು.